ಅಪ್ಪ ಆಡಿದ ನಾಲ್ಕನೇ ಅಧ್ಯಾಯ

ಮಾರ್ಚ್ 5

ಇದು ಎಡಗೈ ಬರಹ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ಚಿಕ್ಕದಾಗಿ ಬರೆಯುತ್ತೇನೆ.

ಮೊನ್ನೆ ಕೃತಕ ಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟಿನ ತಂತಿ ಕತ್ತರಿಸುವಾಗ ಯಂತ್ರದ ಚಕ್ರ ಜಾರಿತು. ಬಲಗೈ ತೋರುಬೆರಳನ್ನು ಮಡಚುವ ನರ ತುಂಡಾಯಿತು. ಹೊಲಿದಿದ್ದಾರೆ. ಆರು ವಾರ ಪಟ್ಟಿ, ಆಮೇಲೆ ನೋಡೋಣ ಅಂದರು ಡಾಕ್ಟರು. ಆ 'ನೋಡೋಣ' ನನಗೆ ಹಿಡಿಸಲಿಲ್ಲ.

ಮಾರ್ಚ್ 7

ವೀಡಿಯೊ ಗೇಮ್ ಆಡಲು ಎರಡು ಕೈ ಬೇಕು. ಹೊಸ ಆಟ ಕೊಂಡು ಎರಡು ವಾರವಾಗಿತ್ತು, ಎರಡು ಅಧ್ಯಾಯ ಮುಗಿಸಿದ್ದೆ. ಬೇರೆ ಯಾರೋ ಅದನ್ನೇ ಆಡುವ ವೀಡಿಯೊ ಹಾಕಿಕೊಂಡು ಕೂತೆ. ಹಸಿದವಳು ಪಕ್ಕದವರ ತಟ್ಟೆ ನೋಡಿದ ಹಾಗಾಯಿತು. ಆರಿಸಿಬಿಟ್ಟೆ.

ಹೊತ್ತು ಹೋಗಬೇಕಲ್ಲ. ಆಟಗಳ ಬಗ್ಗೆ ನನಗಿರುವ ಅಭಿಪ್ರಾಯಗಳನ್ನಾದರೂ ಬರೆದಿಡುತ್ತೇನೆ. ಲ್ಯಾಬಿನಲ್ಲಿ ಬಾಯಿ ಬಿಟ್ಟರೆ ಎಲ್ಲರೂ 'ಈ ವಯಸ್ಸಲ್ಲಿ?' ಅನ್ನುತ್ತಾರೆ. ಮೂವತ್ತಾರು ಅಂಥ ದೊಡ್ಡ ವಯಸ್ಸೇ?

ನೆನಪು ಕಳೆದುಕೊಂಡ ನಾಯಕ ಇನ್ನು ಸಾಕು. ಕತೆ ಬರೆಯುವವರಿಗೆ ನಾಯಕನ ಹಿಂದಿನದ್ದು ಯೋಚಿಸಲು ಸೋಮಾರಿತನ, ಅಷ್ಟೇ. ಕಣ್ಣು ಬಿಟ್ಟರೆ ಸಮುದ್ರದ ದಂಡೆ, ಹೆಸರು ಗೊತ್ತಿಲ್ಲ, ಆದರೆ ಕತ್ತಿ ತಿರುಗಿಸುವುದು ಮಾತ್ರ ಚೆನ್ನಾಗಿ ನೆನಪಿದೆ! ಮೂರು ದಿನದಲ್ಲಿ ಲೋಕ ಮುಳುಗುತ್ತದೆ ಎಂದು ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುತ್ತಾರೆ, ನಾಯಕ ಮಾತ್ರ ಯಾರದೋ ಕಳೆದುಹೋದ ಕೋಳಿ ಹುಡುಕುತ್ತಿರುತ್ತಾನೆ. ಇದನ್ನು ನಾನು ಬೈಯುವುದಿಲ್ಲ. ಆ ಕೋಳಿ ಹುಡುಕುವ ಕತೆಯೇ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಕೈ ನೋಯುತ್ತಿದೆ. ಎಡಗೈ.

ಮಾರ್ಚ್ 10

ಅಣ್ಣ ಅಪ್ಪನನ್ನು ಕರೆತಂದು ಬಿಟ್ಟುಹೋದ. 'ಒಂದೇ ಕೈಲಿ ಏನು ಮಾಡ್ತೀಯ? ಅಪ್ಪ ಇರಲಿ' ಅಂದ. ಅಪ್ಪನನ್ನು ಒಂದು ಮಾತು ಕೇಳಿದನೋ ಇಲ್ಲವೋ. ಅಪ್ಪ ಚೀಲ ಇಟ್ಟು, ನನ್ನ ಪಟ್ಟಿ ಹಾಕಿದ ಕೈಯನ್ನು ಅಂಗೈ ಮೇಲೆ ಎತ್ತಿಟ್ಟುಕೊಂಡು ತಿರುಗಿಸಿ ನೋಡಿದ. "ಚಕ್ರಕ್ಕೆ ಕವಚ ಇರಲಿಲ್ವಾ?" ಅಂದ. ಇತ್ತು, ನಾನೇ ತೆಗೆದಿದ್ದೆ ಅಂದೆ. ಕೈಯನ್ನು ಮೆಲ್ಲಗೆ ಇಳಿಸಿಟ್ಟ.

ಅಮ್ಮ ಹೋದಾಗಿನಿಂದ ನಾನೂ ಅಪ್ಪನೂ ಒಂದೇ ಸೂರಿನಡಿ ಮೂರು ದಿನಕ್ಕಿಂತ ಹೆಚ್ಚು ಇದ್ದದ್ದಿಲ್ಲ.

ಮಾರ್ಚ್ 14

ಮನೆ ಕನ್ನಡಿಯಂತಿದೆ. ಅಪ್ಪ ಪಾತ್ರೆ ಜೋಡಿಸುವುದನ್ನು ನೋಡಬೇಕು. ಲೋಟಗಳ ನಡುವೆ ಬೆರಳಗಲದ ಜಾಗ, ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಒಂದಕ್ಕೊಂದು ತಾಗಿದ ಸದ್ದಿಲ್ಲ. ಇಪ್ಪತ್ತೇಳು ವರ್ಷ ದೊಡ್ಡ ಕಟ್ಟಡಗಳ ಕ್ರೇನ್ ನಡೆಸಿದ ಕೈ ಅದು. ಮುಗಿಲೆತ್ತರದ ಗೂಡಿನಲ್ಲಿ ಒಬ್ಬನೇ ಕೂತು, ಎರಡು ಹಿಡಿಕೆ ಹಿಡಿದು, ಟನ್‌ಗಟ್ಟಲೆ ಕಬ್ಬಿಣವನ್ನು ಹೂವಿನಂತೆ ಇಳಿಸುತ್ತಿದ್ದನಂತೆ. ಅವನ ಮಾತುಗಳೂ ಅಲ್ಲೇ ಮೇಲೆ ಉಳಿದುಹೋದವೋ ಏನೋ. ಇಡೀ ದಿನಕ್ಕೆ ಹತ್ತು ಮಾತು. ಅದರಲ್ಲಿ ಆರು 'ಮಾತ್ರೆ ತಗೊಂಡ್ಯಾ?'

ನನಗೆ ತಲೆ ಚಿಟ್ಟು ಹಿಡಿಯುತ್ತಿದೆ. ನಾನು ಗೋಡೆ ನೋಡುತ್ತೇನೆ, ಅಪ್ಪ ಕಿಟಕಿ ನೋಡುತ್ತಾನೆ.

ಮಾರ್ಚ್ 18

ಇವತ್ತು ನಡೆದದ್ದನ್ನು ಬರೆಯದಿದ್ದರೆ ಹೊಟ್ಟೆ ಉಬ್ಬುತ್ತದೆ.

ಮಧ್ಯಾಹ್ನ ಎಡಗೈಯಲ್ಲೂ ಹಲ್ಲಿನಲ್ಲೂ ಆಟದ ಹಿಡಿ, ಅಂದರೆ ಕಂಟ್ರೋಲರ್, ಹಿಡಿದು ಹೆಣಗುತ್ತಿದ್ದೆ. ನಿಜ, ಒಂದು ಗುಂಡಿಯನ್ನು ಗಲ್ಲದಲ್ಲಿ ಒತ್ತುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದವನೇ ಬಂದು ಪಕ್ಕದಲ್ಲಿ ಕೂತ. "ಇತ್ತ ಕೊಡು. ಯಾವ ಹಿಡಿಕೆ ಏನು ಮಾಡುತ್ತೆ?"

ಎಡದ್ದು ನಡೆಸುತ್ತದೆ, ಬಲದ್ದು ಕಣ್ಣು ತಿರುಗಿಸುತ್ತದೆ ಅಂದೆ. ಎರಡು ನಿಮಿಷ ಹೀಗೆ ಹಾಗೆ ಮಾಡಿದ. ಆಮೇಲೆ ಆ ಹುಡುಗಿ, ಅಂದರೆ ಆಟದ ನಾಯಕಿ, ಹಿಮದ ಬೆಟ್ಟಗಳ ನಡುವೆ ಕಾಗದ ಹಂಚುವ ಅಂಚೆಯವಳು, ಕಡಿದಾದ ಅಂಚಿನ ಮೇಲೆ ಬೆಕ್ಕಿನ ಹಾಗೆ ನಡೆದಳು. ನಾನು ಅದೇ ಜಾಗದಲ್ಲಿ ಹನ್ನೊಂದು ಸಲ ಸತ್ತಿದ್ದೆ!

"ಅಪ್ಪ, ನೀನು ಮೊದಲೇ ಆಡಿದ್ದೀಯಾ?"

"ಇದರಲ್ಲೇನಿದೆ? ನಿಧಾನ ತಳ್ಳಬೇಕು, ಬೇಗ ಬಿಡಬೇಕು."

ಮಾರ್ಚ್ 22

ದಿನಾ ಎರಡು ತಾಸು ನಡೆಯುತ್ತಿದೆ. ಅಪ್ಪ ಆಡುತ್ತಾನೆ, ನಾನು ಪಾತ್ರಗಳ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

ಆಟದ ಸಂಭಾಷಣೆ ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಿದ್ದರೆ ಅದನ್ನು ಅಪ್ಪನಿಗೆ ಗಟ್ಟಿಯಾಗಿ ಹೇಳಿ ನೋಡಬೇಕು ಎಂಬುದು ನನ್ನ ಹೊಸ ಅಭಿಪ್ರಾಯ. ಪರದೆ ಮೇಲೆ ಓದುವಾಗ ಗಂಭೀರವಾಗಿ ಕಂಡದ್ದು ನನ್ನ ಬಾಯಿಂದ ಬಂದರೆ ನಾಚಿಕೆಯಾಗುತ್ತದೆ. 'ಕತ್ತಲೆಯೇ ನಮ್ಮೆಲ್ಲರ ತಾಯಿ' ಎಂದೊಬ್ಬ ಸನ್ಯಾಸಿ ಹೇಳುತ್ತಾನೆ. ನಾನು 'ದೀಪ ಇಲ್ಲ ಅಂತಿದ್ದಾನೆ' ಅಂದುಬಿಟ್ಟೆ.

ಅಪ್ಪ ಬಿಡಬೇಕಲ್ಲ. "ಅವನು ಅಷ್ಟೊತ್ತು ಬಾಯಾಡಿಸಿದ. ನೀನು ಎರಡೇ ಮಾತು ಹೇಳ್ದೆ."

ಅಪ್ಪನಿಗೆ ಹಿಡಿಸಿದವನು ದಾರಿತೋರುಗ. ಅಂಚೆಯವಳ ಮುಂದೆ ಹಗ್ಗ ಹಿಡಿದು ನಡೆಯುವ, ಕೆಟ್ಟ ಜೋಕು ಹೇಳುವ ಮೀಸೆಯವನು. ಅವನು ಮಾತಾಡಲು ನಿಂತರೆ ಅಪ್ಪನೂ ನಿಲ್ಲಿಸಿ ಪೂರ್ತಿ ಕೇಳುತ್ತಾನೆ. ಇವತ್ತು ಒಂದು ಜೋಕಿಗೆ ನಕ್ಕ. ಸದ್ದು ಮಾಡಿ.

ಮಾರ್ಚ್ 30

ಬೆರಳಿನ ವ್ಯಾಯಾಮ ಮಾಡಿಸುವ ಮೇಡಂಗೆ ನಾನು ಬೆರಳಮ್ಮ ಎಂದು ಹೆಸರಿಟ್ಟಿದ್ದೇನೆ. ಬೆರಳು ತಾನಾಗಿ ಮಡಚಿಕೊಳ್ಳಬಾರದು, ಅವರೇ ಮಡಚುತ್ತಾರೆ. ಇವತ್ತು ಕೇಳಿದೆ: "ಮೊದಲಿನಷ್ಟು ಮಡಚುತ್ತಾ ಮೇಡಂ?" "ಮೊದಲಿನಷ್ಟು ಅಂತ ಯೋಚಿಸಬೇಡಿ, ನಿನ್ನೆಗಿಂತ ಅಂತ ಯೋಚಿಸಿ" ಅಂದರು. ಇಂಥ ಮಾತನ್ನು ಆಟದಲ್ಲಿ ಯಾವುದಾದರೂ ಮುದುಕಿ ಹೇಳಿದ್ದರೆ ಗುಂಡಿ ಒತ್ತಿ ಮುಂದೆ ಹಾರಿಸುತ್ತಿದ್ದೆ. ಬೆರಳಮ್ಮನನ್ನು ಹಾರಿಸಲು ಗುಂಡಿಯಿಲ್ಲ.

ಲ್ಯಾಬಿನ ಮಾಲೀಕರು ಫೋನ್ ಮಾಡಲಿಲ್ಲ.

ಏಪ್ರಿಲ್ 6

ನಾಲ್ಕನೇ ಅಧ್ಯಾಯ. ಹಗ್ಗದ ಸೇತುವೆ. ಹಲಗೆ ಮುರಿದು ದಾರಿತೋರುಗ ಜಾರುತ್ತಾನೆ, ಅಂಚೆಯವಳು ಅವನ ಕೈ ಹಿಡಿಯುತ್ತಾಳೆ. 'ಒತ್ತು' ಎಂದು ಪರದೆ ಮೇಲೆ ಬರುತ್ತದೆ. ಅಪ್ಪ ಒತ್ತಿದ. ಆದರೂ ಕೈ ಜಾರಿತು. ಅವನು ಬಿದ್ದ.

ಹೀಗಾಗುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅಪ್ಪನಿಗೆ ಹೇಳಿರಲಿಲ್ಲ, ಕತೆಯ ಮಜಾ ಕೆಡಿಸಬಾರದೆಂದು.

ಅಪ್ಪ ಹಿಡಿಯನ್ನು ಮೇಜಿನ ಮೇಲಿಟ್ಟ. ಎದ್ದು ಬಚ್ಚಲಿಗೆ ಹೋದ. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಏಪ್ರಿಲ್ 7

ಅಪ್ಪ ಇವತ್ತು ಆಟದ ಹತ್ತಿರ ಸುಳಿಯಲಿಲ್ಲ. ಮಾತ್ರೆಯ ಮಾತೂ ಇಲ್ಲ.

ಏಪ್ರಿಲ್ 9

ಬೆರಳಮ್ಮನ ಬಳಿ ಹೋಗಿ ಬಂದಾಗ ಅಪ್ಪ ಟಿವಿ ಮುಂದೆ ಕೂತಿದ್ದ. ತಾನೇ ಆಟ ಹಾಕಿಕೊಂಡಿದ್ದ. ಪರದೆ ಮೇಲೆ ಅದೇ ಸೇತುವೆ.

"ಏಳು ಸಲ ಒತ್ತಿದೆ," ಅಂದ. "ಅಕ್ಷರ ಮೂಡೋಕೆ ಮುಂಚೆನೇ ಒತ್ತಿದೆ. ಏಳು ಸಲಾನೂ ಬಿದ್ದ."

"ಯಾರು ಒತ್ತಿದ್ರೂ ಬೀಳ್ತಾನೆ ಅಪ್ಪ. ಹಾಗೇ ಬರೆದಿದ್ದಾರೆ."

"ಯಾರು ಒತ್ತಿದ್ರೂ?"

"ಹೂಂ. ಲೋಕದಲ್ಲಿ ಯಾರೇ ಆಡಿದ್ರೂ."

"ಮತ್ತೆ ಗುಂಡಿ ಯಾಕೆ ಕೊಟ್ರು?"

ನನಗೆ ಉತ್ಸಾಹ ಬಂತು. ಇದು ನನ್ನ ಇಷ್ಟದ ವಿಷಯ. ಸಿನಿಮಾದಲ್ಲಿ ಯಾರಾದರೂ ಬಿದ್ದರೆ ನಾವು ನೋಡುತ್ತೇವೆ ಅಷ್ಟೇ, ಆಟದಲ್ಲಿ ನಾವೇ ಕೈ ಬಿಟ್ಟ ಹಾಗೆ ಅನಿಸಬೇಕು, ಅದಕ್ಕೇ ಗುಂಡಿ, ಇದೇ ಆಟದ ಕತೆಗಿರುವ ತಾಕತ್ತು, ಇದನ್ನು ಬೇರೆ ಯಾವ ಕಲೆಯೂ ಮಾಡಲಾರದು ಎಂದೆಲ್ಲ ಕೊರೆದೆ.

ಅಪ್ಪ ಪೂರ್ತಿ ಕೇಳಿದ. "ಅನಿಸಿತು ಅಂತಿಟ್ಕೋ. ಅನಿಸಿದ ಮೇಲೆ ಏನು ಮಾಡ್ಬೇಕಂತೆ?"

ನಾನು ಪಟ್ಟಿಯ ಅಂಚು ಕೆರೆಯುತ್ತ ಕೂತೆ.

ಆಮೇಲೆ ಅಪ್ಪ ಹೇಳಿದ. ಟಿವಿ ನೋಡುತ್ತಲೇ ಹೇಳಿದ. ಕೇಳಿದ ಹಾಗೇ ಬರೆಯುತ್ತೇನೆ.

ಕ್ರೇನ್ ನಡೆಸುವವನಿಗೆ ಕೆಳಗಿನದ್ದು ಸರಿಯಾಗಿ ಕಾಣುವುದಿಲ್ಲ. ಕಟ್ಟಡದ ಅಂಚಿನಲ್ಲಿ ಒಬ್ಬ ನಿಂತು ಕೈಸನ್ನೆ ಮಾಡುತ್ತಾನೆ. ಮೇಲೆ, ಕೆಳಗೆ, ಬಲಕ್ಕೆ, ನಿಲ್ಲು. ಆ ಕೈಯೇ ಕಣ್ಣು. ಅಪ್ಪನಿಗೆ ಹದಿನಾರು ವರ್ಷ ಸನ್ನೆ ಮಾಡಿದವನನ್ನು ಎಲ್ಲರೂ ಸೀಟಿ ಅನ್ನುತ್ತಿದ್ದರು, ಕುತ್ತಿಗೆಗೆ ಯಾವಾಗಲೂ ಸೀಟಿ ಕಟ್ಟಿಕೊಂಡಿರುತ್ತಿದ್ದ. ನನಗೂ ಮಸುಕಾಗಿ ನೆನಪಿದೆ. ಒಮ್ಮೆ ಮನೆಗೆ ಬಂದಿದ್ದಾಗ ಅಮ್ಮನನ್ನು ಕಣ್ಣಲ್ಲಿ ನೀರು ಬರುವಷ್ಟು ನಗಿಸಿದ್ದ.

ಹನ್ನೊಂದು ವರ್ಷದ ಹಿಂದೆ, ಒಂಬತ್ತನೇ ಮಹಡಿಗೆ ಕಬ್ಬಿಣದ ಹಲಗೆ ಏರಿಸುತ್ತಿದ್ದರು. ಗಾಳಿ ಎದ್ದಿತು. ಸೀಟಿ ಅಂಗೈ ಎತ್ತಿ 'ನಿಲ್ಲು' ಅಂದ. ಅಪ್ಪ ಹಿಡಿಕೆ ಎಳೆದ. ಹಲಗೆ ತೂಗಿತು, ಸೀಟಿಗೆ ಬಡಿಯಿತು. ಅವನು ಕೆಳಗಿನ ಮಹಡಿಯ ಅಂಚಿಗೆ ಬಿದ್ದ. ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ವಿಚಾರಣೆಯಲ್ಲಿ ಗಾಳಿಯದೇ ತಪ್ಪು ಎಂದಾಯಿತು.

"ನನ್ನ ಕೈ ಅರ್ಧ ಸೆಕೆಂಡ್ ತಡ ಆಯ್ತಾ, ಆಗಲಿಲ್ವಾ, ಅದು ನಂಗೆ ಗೊತ್ತಿಲ್ಲ," ಅಂದ ಅಪ್ಪ. "ಇಲ್ಲಿ ನೋಡು, ಏಳು ಸಲ ಹಿಂದಕ್ಕೆ ಹೋಗಿ ನೋಡೋಕಾಯ್ತು. ಕೈ ತಪ್ಪಲ್ಲ ಅಂತ ಗೊತ್ತಾಯ್ತು. ಅಲ್ಲಿ ಹಾಗೆ ನೋಡೋಕಾಗುತ್ತಾ?"

ಆ ಅಪಘಾತದ ಮರುವರ್ಷವೇ ಅಪ್ಪ ಕೆಲಸ ಬಿಟ್ಟಿದ್ದ. ಮೊಣಕಾಲು ನೋವು, ಏಣಿ ಹತ್ತಲಾಗುವುದಿಲ್ಲ ಎಂದಿದ್ದ. ನಾವೆಲ್ಲ ನಂಬಿದ್ದೆವು.

ಏಪ್ರಿಲ್ 10

ನಿನ್ನೆ ನಾನು ಕೊಟ್ಟ ಭಾಷಣ ನೆನಪಾದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಭಿಪ್ರಾಯ ಬದಲಾಗಿದೆಯೇ? ಗೊತ್ತಿಲ್ಲ. ಗುಂಡಿ ಕೊಟ್ಟದ್ದು ಸರಿಯೇ ಅನಿಸುತ್ತದೆ, ಈಗಲೂ. ಆದರೆ ಬರೆದವರು ಒಮ್ಮೆಯಾದರೂ ಅಪ್ಪನ ಮುಖ ನೋಡಿ ಬರೆಯಬೇಕಿತ್ತು.

ಏಪ್ರಿಲ್ 17

ಪಟ್ಟಿ ಬಿಚ್ಚಿದರು. ಬೆರಳು ಬಿಳಿಚಿಕೊಂಡಿದೆ, ಬೇರೆ ಯಾರದೋ ಎನ್ನುವಂತೆ. ಅರ್ಧಕ್ಕೆ ಮಡಚಿ ನಿಲ್ಲುತ್ತದೆ. ಮಾಲೀಕರಿಗೆ ನಾನೇ ಫೋನ್ ಮಾಡಿದೆ. "ಬಾಮ್ಮಾ, ನಿನ್ನ ಕುರ್ಚಿ ಎಲ್ಲೂ ಹೋಗಲ್ಲ. ಸದ್ಯಕ್ಕೆ ಹಲ್ಲಿನ ಬಣ್ಣ ಹೊಂದಿಸೋದು ನೋಡ್ಕೋ, ಅದಕ್ಕೆ ಕಣ್ಣು ಸಾಕು" ಅಂದರು. ಒಳ್ಳೆಯವರು. ಆದರೂ ಫೋನ್ ಇಟ್ಟು ಅತ್ತೆ. ಮೇಣದಲ್ಲಿ ಬಾಚಿಹಲ್ಲಿನ ಅಂಚು ತಿದ್ದುವುದು ಬರೀ ಕೆಲಸವಲ್ಲ, ಅದೊಂದೇ ನನಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು.

ಅಪ್ಪ ಮೊಟ್ಟೆ ಬೇಯಿಸಿ ತಂದ. ಪಕ್ಕದಲ್ಲಿ ಕೂತು, ನಾನೇ ಬಲಗೈಯಲ್ಲಿ ಸಿಪ್ಪೆ ಬಿಡಿಸುವವರೆಗೆ ಕಾದ. ಇಪ್ಪತ್ತು ನಿಮಿಷವಾಯಿತು. ಮೊಟ್ಟೆ ತಣ್ಣಗಾಗಿತ್ತು, ಕುಳಿ ಕುಳಿಯಾಗಿತ್ತು. ಇಬ್ಬರೂ ಹಂಚಿಕೊಂಡು ತಿಂದೆವು.

ಏಪ್ರಿಲ್ 26

ಆಟ ಮತ್ತೆ ಶುರುವಾಗಿದೆ. ಅಪ್ಪನೇ ಕೇಳಿದ, "ಮುಂದೇನಾಯ್ತು, ನೋಡೋಣ." ಐದನೇ ಅಧ್ಯಾಯದಲ್ಲಿ ಹೊಸ ಜೊತೆಗಾರ ಬಂದಿದ್ದಾನೆ, ಇನ್ನೂ ಚುರುಕು, ಇನ್ನೂ ಚೆನ್ನಾಗಿ ಜೋಕು ಹೇಳುತ್ತಾನೆ. ಅಪ್ಪ ನಗುವುದಿಲ್ಲ.

ಮೇ 2

ಜಗಳ. ಸಣ್ಣದು. ನಿಜವಾಗಿ ಸಣ್ಣದಲ್ಲ.

ಅಪ್ಪ ಆಡುತ್ತ ಆಡುತ್ತ ಗೊಣಗಿದ. "ಊರಿಗೆಲ್ಲ ಕಾಗದ ಹಂಚ್ತಾಳೆ. ಅವನ ಮನೆಯವರಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಇದೆಂಥ ಕತೆ?"

ಸರಿಯಾದ ಟೀಕೆ. ಹತ್ತು ವಿಮರ್ಶೆ ಓದಿದ್ದೇನೆ, ಒಬ್ಬರೂ ಇದನ್ನು ಹೇಳಿಲ್ಲ. ನಾನು ಸುಮ್ಮನೆ ಹೌದು ಅನ್ನಬಹುದಿತ್ತು.

"ನೀನು ಹೋಗಿದ್ಯಾ?" ಅಂದುಬಿಟ್ಟೆ.

ಅಂಚೆಯವಳು ಹಿಮದಲ್ಲಿ ನಿಂತೇ ಇದ್ದಳು. ಅಪ್ಪ ಹಿಡಿಕೆ ಬಿಟ್ಟಿದ್ದ.

"ಆಸ್ಪತ್ರೆ ಗೇಟಿನವರೆಗೆ ಎರಡು ಸಲ ಹೋಗಿದ್ದೆ," ಅಂದ. "ಒಳಗೆ ಹೋಗಿ ಏನಂತ ಹೇಳಲಿ?"

"ಈಗಲೂ ಹೋಗಬಹುದಲ್ಲ."

"ಹನ್ನೊಂದು ವರ್ಷ ಆಯ್ತು, ಮರಿ."

"ಹನ್ನೆರಡಾಗೋ ತನಕ ಕಾಯ್ತೀಯಾ?"

ಎದ್ದು ಹೋದ. ನಾನು ಹಾಗೆ ಹೇಳಬಾರದಿತ್ತು. ಹೇಳಿದ್ದಕ್ಕೆ ಬೇಜಾರೂ ಆಗುತ್ತಿಲ್ಲ.

ಮೇ 5

ಬೆಳಗ್ಗೆ ಚಹಾದ ಲೋಟದ ಕೆಳಗೆ ಒಂದು ಚೀಟಿಯಿತ್ತು. ಹಳೆಯದು, ಮಡಿಕೆಯಲ್ಲಿ ಹರಿದಿತ್ತು. ಒಂದು ವಿಳಾಸ, ಒಂದು ನಂಬರು. ಅಪ್ಪ ಅದನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗಿದ್ದಾನೆ, ಇಷ್ಟು ವರ್ಷ.

"ನೀನು ಮಾತಾಡು," ಅಂದ.

ಸೀಟಿಯ ಹೆಂಡತಿ ಫೋನ್ ತೆಗೆದರು. ನಾನು ಇಂಥವರ ಮಗಳು ಅಂದೆ. "ಬದುಕಿದ್ದಾರಾ?" ಅಂತ ಕೇಳಿದರು. ಇದ್ದಾರೆ, ಇಲ್ಲೇ ಪಕ್ಕದಲ್ಲಿದ್ದಾರೆ ಅಂದೆ. "ಭಾನುವಾರ ಬನ್ನಿ. ಇವರಿಗೆ ಹೇಳಲ್ಲ, ಹೇಳಿದ್ರೆ ಅಲ್ಲಿ ತನಕ ನನ್ನ ತಲೆ ತಿಂತಾರೆ."

ಮೇ 10, ಭಾನುವಾರ

ಎಡಗೈ, ಬಲಗೈ ಎರಡರಲ್ಲೂ ಬರೆಯುತ್ತಿದ್ದೇನೆ, ಒಂದು ಸೋತಾಗ ಇನ್ನೊಂದು.

ಎರಡು ಬಸ್ಸು ಬದಲಾಯಿಸಿ ಹೋದೆವು. ಅಪ್ಪ ದಾರಿಯುದ್ದಕ್ಕೂ ಅಂಗಿಯ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಿದ್ದ. ಸೀಟಿಯ ಮನೆ ನೆಲಮಹಡಿ. ಮುಂದಿನ ಕೋಣೆಯೇ ಅಂಗಡಿ. ಬೀಗದಕೈ ಕೊರೆಯುವ ಯಂತ್ರ, ಗೋಡೆ ತುಂಬ ಮೊಳೆಗೆ ನೇತುಹಾಕಿದ ಹಿತ್ತಾಳೆಯ ಕೀಲಿಗಳು. ಯಂತ್ರದ ಮುಂದೆ ದಪ್ಪ ಕನ್ನಡಕದ, ಬೋಳುತಲೆಯ ಮನುಷ್ಯ. ಒಂದು ಪ್ಯಾಂಟಿನ ಕಾಲು ಮಡಚಿ ಪಿನ್ನು ಹಾಕಿತ್ತು.

ತಲೆ ಎತ್ತಿದ. ಅಪ್ಪನನ್ನು ನೋಡಿದ. ಯಂತ್ರ ಆರಿಸಲಿಲ್ಲ. ಕೈಯಲ್ಲಿದ್ದ ಕೀಲಿಯನ್ನು ಪೂರ್ತಿ ಕೊರೆದು, ಊದಿ, ಉಜ್ಜಿ ಇಟ್ಟ. ಆಮೇಲೆ ಆರಿಸಿದ.

"ಕೀಲಿ ಮಾಡಿಸಬೇಕಿತ್ತಾ?" ಅಂದ.

ಅಪ್ಪ ಅಂಗಿಯ ಗುಂಡಿ ಹಿಡಿದುಕೊಂಡು ನಿಂತ. ನಾನು ಮಾತಾಡಲು ಹೋದೆ. ಸೀಟಿಯ ಹೆಂಡತಿ ಒಳಗಿನಿಂದ ಬಂದು ನನ್ನ ಭುಜ ಹಿಡಿದು ಸುಮ್ಮನಿರಿಸಿದರು.

"ಕೈ ತಡ ಆಯ್ತಾ ಅವತ್ತು?" ಅಂದ ಅಪ್ಪ, ಕೊನೆಗೂ. ನಮಸ್ಕಾರವಿಲ್ಲ, ಹೇಗಿದ್ದೀಯ ಎಂಬುದಿಲ್ಲ.

"ಯಾರ ಕೈ?"

"ನನ್ನದು."

ಸೀಟಿ ಕನ್ನಡಕ ತೆಗೆದು ಒರೆಸಿದ. "ನಂಗೇನು ಗೊತ್ತು? ನಾನು ಹಲಗೆ ನೋಡ್ತಿದ್ದೆ, ನಿನ್ನನ್ನಲ್ಲ. ಆಗಿರಬಹುದು. ಆಗದೇನೂ ಇರಬಹುದು."

ಅಪ್ಪನ ಮುಖ ನೋಡಲಾಗಲಿಲ್ಲ.

"ಕಾಲು ಹೋಯ್ತು," ಅಂದ ಸೀಟಿ. "ಗಾಳಿ ಅಂದ್ರು. ಸರಿ ಅಂದೆ, ಒಪ್ಪಿಕೊಂಡೆ. ಆಮೇಲೆ ನೀನೂ ಹೋದ್ಯಲ್ಲ, ಅದು ಯಾವ ಗಾಳಿ ಕಣೋ? ಹದಿನಾರು ವರ್ಷ ಬೆಳಗಿಂದ ಸಂಜೆ ತನಕ ನಿನ್ನ ಮುಖ ನೋಡ್ಕೊಂಡಿದ್ದೆ. ಆಸ್ಪತ್ರೇಲಿ ಬಾಗಿಲು ತೆರೆದಾಗೆಲ್ಲ ಕತ್ತೆತ್ತಿ ನೋಡ್ತಿದ್ದೆ. ನರ್ಸ್ ಬರೋಳು. ಡಾಕ್ಟರ್ ಬರೋರು."

"ಗೇಟಿನವರೆಗೆ ಬಂದಿದ್ದೆ."

"ಗೇಟು ನಂಗೆ ಕಾಣ್ತಿರಲಿಲ್ಲ."

ಅಪ್ಪ ಅಲ್ಲೇ, ಗಿರಾಕಿಗಳಿಗೆ ಇಟ್ಟಿದ್ದ ಸ್ಟೂಲಿನ ಮೇಲೆ ಕೂತು ಅತ್ತ. ಅಮ್ಮ ಹೋದಾಗಲೂ ನಾನು ಅದನ್ನು ಕಂಡಿರಲಿಲ್ಲ. ಸೀಟಿ ತಡೆಯಲಿಲ್ಲ. ಒಂದು ಮಾಸಲು ಬಟ್ಟೆ ಎಸೆದ. "ಒರೆಸ್ಕೋ. ಎಣ್ಣೆ ಆಗಿರತ್ತೆ, ನೋಡ್ಕೊಂಡು."

ಅಪ್ಪನ ಮೂಗಿಗೆ ಎಣ್ಣೆ ಮೆತ್ತಿತು. ಹೆಂಡತಿ ಕಿಸಕ್ಕೆಂದರು. ಅಷ್ಟಕ್ಕೇ ಎಲ್ಲರಿಗೂ ಉಸಿರು ಬಂತು.

ಸ್ವಲ್ಪ ಹೊತ್ತಾದ ಮೇಲೆ ಸೀಟಿ, ಕಣ್ಣು ಮಂಜಾಗುತ್ತಿದೆ, ಯಂತ್ರದ ಮೇಜನ್ನು ಕಿಟಕಿಯತ್ತ ಸರಿಸಬೇಕೆಂದು ಆರು ತಿಂಗಳಿಂದ ಎಲ್ಲರಿಗೂ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ದೂರಿದ. ಅಪ್ಪ ಎದ್ದ. ಮೇಜು ಕಬ್ಬಿಣದ್ದು. ಅಪ್ಪ ಒಂದು ಕಡೆ, ನಾನು ಇನ್ನೊಂದು ಕಡೆ. ಸೀಟಿ ಊರುಗೋಲು ಹಿಡಿದು ಬಾಗಿಲಿಗೆ ಒರಗಿ ನಿಂತ. ಕೈ ಎತ್ತಿ ಎರಡು ಬೆರಳಿಂದ 'ಬಲಕ್ಕೆ' ಅಂದ. ಅಪ್ಪ ಬಲಕ್ಕೆ ತಳ್ಳಿದ. ಇನ್ನೂ. ಇನ್ನೊಂದು ಚೂರು. ಅಂಗೈ ಮೇಲೆದ್ದಿತು.

ಅಪ್ಪ ನಿಂತ. ಮೇಜು ಕಿಟಕಿಗೆ ಸರಿಯಾಗಿ ಕೂತಿತ್ತು, ಬೆಳಕು ಯಂತ್ರದ ಹಲ್ಲಿನ ಮೇಲೇ ಬಿದ್ದಿತ್ತು. ಆದರೂ ಅಪ್ಪ ಎರಡೂ ಕೈ ಮೇಜಿನ ಮೇಲಿಟ್ಟು, ಸೀಟಿಯ ಅಂಗೈಯನ್ನೇ ನೋಡುತ್ತ ನಿಂತಿದ್ದ. ಸೀಟಿ ಅದನ್ನು ಇಳಿಸಲಿಲ್ಲ. ಚಹಾ ಆರುತ್ತೆ ಎಂದು ಹೆಂಡತಿ ಎರಡು ಸಲ ಕೂಗಿದರು.

ಮೇ 12

ಬೆಳಗ್ಗೆ ಎದ್ದರೆ ಅಪ್ಪ ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ನಿಂತಿದ್ದ. ಕೈಯಲ್ಲಿ ಚೀಲ. ಸೀಟಿಯ ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳಿಲ್ಲವಂತೆ, ಒಂದು ಹಾಕಿಕೊಟ್ಟು ಬರುತ್ತಾನಂತೆ. ಎರಡು ಬಸ್ಸು, ಅಷ್ಟು ದೂರ.

ನಾನೂ ಬರಲಾ ಅಂದೆ.

"ನೀನ್ಯಾಕೆ?" ಅಂದ, ನಿಜವಾಗಿಯೂ ಅರ್ಥವಾಗದವನ ಹಾಗೆ. ಆಮೇಲೆ ಮೆಟ್ಟಿಲಿಳಿದು ಹೋದ.